ರೈಟಪ್ಪನವರು ಬಿಟ್ಟುಬಂದ ಪ್ಯಾಸೆಂಜರು

"ಬಸ್ ಓಡೋ ಊರಲ್ಲಿ ನಾನು ದಾರಿ ತಪ್ಪೋದಾ? ಸೂರ್ಯ ಬೇಕಾದ್ರೆ ತಪ್ಪಲಿ!"

ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದ ಚೂರಿಯನ್ನು ಕತ್ತಿಯ ಹಾಗೆ ಮೇಲೆತ್ತಿ ರೈಟಪ್ಪನವರು ಹೀಗೆಂದು ಘೋಷಿಸಿದಾಗ ಬೆಳಗಿನ ಎಂಟು ಗಂಟೆ. ಸ್ಥಳ, ಹಡಗಿನ ಊಟದ ಕೋಣೆ. ಕೇಳಿಸಿಕೊಂಡವರು ಇಬ್ಬರು, ಹೆಂಡತಿ ಮತ್ತು ಮಗಳು. ಸೂರ್ಯನಿಗೂ ಕೇಳಿಸಿರಬೇಕು; ಆ ದಿನ ಅವನು ತಪ್ಪಲಿಲ್ಲ.

ರೈಟಪ್ಪ ಎಂಬುದು ತಂದೆತಾಯಿ ಇಟ್ಟ ಹೆಸರಲ್ಲ. ಮೂವತ್ತನಾಲ್ಕು ವರ್ಷ ಬಸ್ ಕಂಡಕ್ಟರಾಗಿ ದುಡಿದು, ದಿನಕ್ಕೆ ನೂರು ಸಲವಾದರೂ ಬಸ್ಸಿನ ಮೈಗೆ ಅಂಗೈಯಿಂದ ಬಡಿದು "ರೈಟ್! ರೈಟ್!" ಎಂದು ಕೂಗಿ ಸಂಪಾದಿಸಿದ ಬಿರುದು ಅದು. ಒಂದು ಸಲ ಬಡಿದರೆ ನಿಲ್ಲು, ಎರಡು ಸಲ ಬಡಿದರೆ ಹೊರಡು. ಎರಡೇ ಮಾತುಗಳ ಈ ಭಾಷೆಯಲ್ಲಿ ಅವರು ತಮ್ಮ ವೃತ್ತಿಜೀವನದ ಮಹಾಕಾವ್ಯವನ್ನೇ ಬರೆದಿದ್ದರು. ನಿವೃತ್ತಿಯ ದಿನ ಸಿಕ್ಕ ಪ್ರಶಂಸಾಪತ್ರವೊಂದು ಗಾಜಿನ ಚೌಕಟ್ಟಿನೊಳಗೆ ಅವರ ಮನೆಯ ನಡುಕೋಣೆಯಲ್ಲಿ ತೂಗುತ್ತಿದೆ: "ಇವರು ತಮ್ಮ ಸೇವಾವಧಿಯಲ್ಲಿ ಒಬ್ಬ ಪ್ರಯಾಣಿಕರನ್ನೂ ದಾರಿಯಲ್ಲಿ ಬಿಟ್ಟು ಬಂದವರಲ್ಲ." ಮನೆಗೆ ಬಂದವರಿಗೆ ಕಾಫಿ ತಡವಾದರೂ ಆದೀತು, ಈ ಪತ್ರದ ದರ್ಶನ ಮಾತ್ರ ತಡವಾಗುವುದಿಲ್ಲ.

ಇಂಥವರು ಹಡಗು ಹತ್ತಿದ್ದು ಮಗಳ ದೆಸೆಯಿಂದ. ಅವಳು ಆ ಹಡಗಿನ ಆಸ್ಪತ್ರೆಯಲ್ಲಿ ನರ್ಸ್. ಸಿಬ್ಬಂದಿಯ ಅಪ್ಪ ಅಮ್ಮನಿಗೆ ವರ್ಷಕ್ಕೊಂದು ಸಲ ಪಾಸು. ಪಾಸು! ಜೀವಮಾನವಿಡೀ ಪಾಸಿನವರನ್ನು ಕಂಡರೆ ಮೂಗು ಮುರಿದ ರೈಟಪ್ಪನವರು ಈಗ ತಾವೇ ಪಾಸಿನ ಪ್ರಯಾಣಿಕರು! ಈ ಅವಮಾನವನ್ನು ಅವರು ದಿನಕ್ಕೆ ನಾಲ್ಕು ಸಲ ಹೊಟ್ಟೆ ತುಂಬ ಉಂಡು ಹೇಗೋ ಸಹಿಸಿಕೊಂಡಿದ್ದರು.

ಆ ದಿನ ಹಡಗು ಒಂದು ಬಂದರಿನಲ್ಲಿ ನಿಂತಿತ್ತು. ಒಂಬತ್ತಕ್ಕೆ ಇಳಿದು ಊರು ನೋಡಬಹುದು. ಸಂಜೆ ಐದಕ್ಕೆ ಹಡಗು ಹೊರಡುತ್ತದೆ. ಹೆಚ್ಚಿನವರು ಹಡಗಿನವರೇ ಗೊತ್ತುಮಾಡಿದ ಬಸ್ಸಿನಲ್ಲಿ, ಬಾವುಟ ಹಿಡಿದ ಮಾರ್ಗದರ್ಶಿಯ ಹಿಂದೆ ಸಾಲಾಗಿ ಹೋಗುವವರು.

"ಅಪ್ಪಾ, ನನಗಿವತ್ತು ಡ್ಯೂಟಿ, ಬರೋಕಾಗಲ್ಲ. ಸುಮ್ನೆ ಟೂರ್ ಬಸ್ಸಲ್ಲಿ ಹೋಗಿಬನ್ನಿ," ಎಂದಳು ಮಗಳು.

"ಬಾವುಟದ ಹಿಂದೆ? ನಾನು? ಮೂವತ್ತನಾಲ್ಕು ವರ್ಷ ಜನ ನನ್ನ ಹಿಂದೆ ಬಂದಿದಾರೆ ಕಣಮ್ಮಾ! ಊರಿನ ಬಸ್ ಹತ್ತಿ, ಊರವರ ಥರಾನೇ ಸುತ್ತಿ, ನಿಮ್ಮಮ್ಮಂಗೆ ಎಲ್ಲಾ ತೋರಿಸಿ, ಸರಿಯಾಗಿ ನಾಲ್ಕಕ್ಕೆ ಕರ್ಕೊಂಡ್ಬಂದು ನಿನ್ನ ಮುಂದೆ ನಿಲ್ಲಿಸ್ತೀನಿ. ಗಡಿಯಾರ ನೋಡ್ಕೊಂಡಿರು!"

"ಎಲ್ಲಾ ಬೇಡಾರೀ," ಎಂದರು ಹೆಂಡತಿ. "ನನಗೆ ಒಂದೇ ಒಂದು ತೋರಿಸಿ, ಸಾಕು."

"ಏನು, ಹೇಳು. ಅರಮನೇನಾ?"

"ಈ ಹಡಗು."

ರೈಟಪ್ಪನವರು ಚೂರಿಯನ್ನು ಕೆಳಗಿಟ್ಟರು. "ಹಡಗಲ್ಲೇ ಕೂತಿದೀಯಲ್ಲೇ!"

"ಅದಕ್ಕೇ ಕಾಣ್ತಿಲ್ಲ. ಹತ್ತೋ ದಿನ ಗೋಡೆ ಥರ ಎದುರಿಗೆ ನಿಂತಿತ್ತು. ಆಮೇಲೆ ಮೂರು ದಿನದಿಂದ ಬಾಗಿಲು, ಮೆಟ್ಟಿಲು, ಓಣಿ, ಬರೀ ಇಷ್ಟೇ ನೋಡ್ತಿದೀನಿ. ಇಡೀ ಹಡಗು ಹೇಗಿದೆ ಅಂತ ದೂರದಿಂದ ಒಂದ್ಸಲ ನೋಡ್ಬೇಕು ನಾನು. ಅಲ್ಲಿ ಗುಡ್ಡದ ಮೇಲೆ ಲೈಟ್‌ಹೌಸ್ ಇದೆ ನೋಡಿ, ಅದರ ತುದೀಗೆ ಹತ್ತಿದ್ರೆ ಕಾಣತ್ತೆ."

ಆಕೆ ಬಾಯಿಬಿಟ್ಟು ಏನನ್ನಾದರೂ ಬೇಕೆಂದು ಕೇಳುವುದೇ ಅಪರೂಪ. ಮನೆಯಲ್ಲಿ ಹೊಲಿಗೆ ಯಂತ್ರವಿಟ್ಟುಕೊಂಡು ಮೂವತ್ತು ವರ್ಷ ಊರವರ ಬಟ್ಟೆ ಹೊಲಿದವರು. ಗಂಡ ದಿನಾ ಇನ್ನೂರು ಮೈಲಿ ಸುತ್ತಿ ಬಂದರೆ, ಆಕೆ ಕುಳಿತಲ್ಲೇ ಕಾಲಿನಿಂದ ತುಳಿದು ಅಷ್ಟೇ ದೂರ ಹೋಗಿರುತ್ತಿದ್ದರು. ತಲುಪುತ್ತಿದ್ದದ್ದು ಮಾತ್ರ ಅದೇ ಕಿಟಕಿಯ ಪಕ್ಕ. ಮದುವೆಯಾದ ವಾರಕ್ಕೆ ತವರಿಗೆ ಹೊರಟಾಗ ಗಂಡನದೇ ಬಸ್ಸು ಸಿಕ್ಕಿತ್ತು. ಕಂಡಕ್ಟರ್ ಸಾಹೇಬರು ಮುಖವೆತ್ತಿ ನೋಡದೆ "ಟಿಕೆಟ್ ತಗೊಳ್ಳಮ್ಮಾ" ಎಂದಿದ್ದರು! ಇದನ್ನು ಆಕೆ ಇಂದಿಗೂ ಮರೆತಿಲ್ಲ, ಗಂಡನಿಗೂ ಮರೆಯಗೊಟ್ಟಿಲ್ಲ.

"ಆಯ್ತು ಬಿಡು! ಇವತ್ತು ನಿನಗೆ ಹಡಗು ತೋರಿಸೋದು ನನ್ನ ಜವಾಬ್ದಾರಿ," ಎಂದು ರೈಟಪ್ಪನವರು ಎದೆ ತಟ್ಟಿಕೊಂಡರು. ಹಡಗಿಗೆ ಮತ್ತೆ ಹತ್ತಲು ಬೇಕಾದ ಕಾರ್ಡುಗಳೆರಡನ್ನೂ ತಮ್ಮ ಜೇಬಿಗಿಳಿಸಿದರು. "ಎರಡೂ ನನ್ನ ಹತ್ರ ಇರ್ಲಿ. ಟಿಕೆಟ್ ವಿಷಯ ಕಂಡಕ್ಟರ್‌ಗೆ ಬಿಡ್ಬೇಕು. ಇನ್ನೊಂದು ರೂಲು. ಯಾರಾದ್ರೂ ತಪ್ಪಿಸ್ಕೊಂಡ್ರೆ, ತಪ್ಪಿಸ್ಕೊಂಡವರು ಆ ಸ್ಟಾಪಲ್ಲೇ ನಿಂತಿರ್ಬೇಕು."

"ತಪ್ಪಿಸ್ಕೊಳ್ಳೋರು ಯಾರು?"

"ನೀನೇ, ಇನ್ಯಾರು!"

ಹಡಗಿನ ಬಾಗಿಲಲ್ಲಿ ಕಾವಲುಗಾರ ನಿಂತಿದ್ದ. ಆರಡಿ ಎತ್ತರ, ನಗುವೇ ಇಲ್ಲದ ಮುಖ. ಹೆಂಡತಿಯನ್ನು ಕಂಡದ್ದೇ ತಡ, ಆ ಮುಖ ಅರಳಿತು. ಹಿಂದಿನ ದಿನ ಅವನ ಕೋಟಿನ ನಡುಗುಂಡಿ ಒಂದೆಳೆ ದಾರದಲ್ಲಿ ಜೋತಾಡುವುದನ್ನು ನೋಡಲಾರದೆ, ಆಕೆ ಚೀಲದಿಂದ ಸೂಜಿ ತೆಗೆದು ಅವನನ್ನು ನಿಲ್ಲಿಸಿಯೇ ಹೊಲಿದುಕೊಟ್ಟಿದ್ದರು. ರೈಟಪ್ಪನವರಿಗೆ ಆಗ ನಾಚಿಕೆಯಾಗಿತ್ತು. "ಕಂಡಕಂಡವರ ಗುಂಡಿ ಯಾಕೆ ಹೊಲೀತೀಯೇ?" ಎಂದು ಗದರಿಯೂ ಇದ್ದರು.

ಬಂದರಿನ ಗೇಟಿನಾಚೆಯೇ ಬಸ್ ನಿಲ್ದಾಣ. ನೀಲಿ ಬಣ್ಣದ ಬಸ್ಸು ಬಂದು ನಿಂತಿತು. ರೈಟಪ್ಪನವರು ಹತ್ತಿ ಅತ್ತಿತ್ತ ನೋಡಿದರು. ಅಯ್ಯೋ! ಕಂಡಕ್ಟರೇ ಇಲ್ಲ! ಟೋಪಿ ಧರಿಸಿದ, ತೋರ ಮೈಕಟ್ಟಿನ ಹೆಂಗಸೊಬ್ಬಳು ಬಸ್ಸು ಓಡಿಸುವುದು, ಬಾಗಿಲು ತೆಗೆಯುವುದು, ಟಿಕೆಟ್ ಕೊಡುವುದು ಎಲ್ಲವನ್ನೂ ಒಬ್ಬಳೇ ಮಾಡುತ್ತಿದ್ದಳು.

"ಮೇಷ್ಟ್ರಿಲ್ಲದ ಕ್ಲಾಸಿನ ಥರ ಆಯ್ತಲ್ಲೇ ಇದು!"

"ಮಕ್ಕಳು ತೆಪ್ಪಗೆ ಕೂತಿದಾರಲ್ಲ. ನೀವೂ ಕೂತ್ಕೊಳ್ರೀ."

"ನನಗೆ ನಿಂತೇ ಅಭ್ಯಾಸ," ಎಂದು ಅವರು ಹಿಂದಿನ ಬಾಗಿಲ ಕಂಬಕ್ಕೆ ಒರಗಿದರು. ನಿವೃತ್ತ ಸೇನಾಪತಿ ಹಳೆಯ ರಣರಂಗಕ್ಕೆ ಮರಳಿದಂತಿತ್ತು. ಹೊರಗೆ ಮೀನಿನ ಬುಟ್ಟಿಗಳು, ಮಹಡಿಗಳಲ್ಲಿ ಒಣಗುವ ಬಟ್ಟೆಗಳು, ಬೀದಿಗೇ ಕುರ್ಚಿ ಹಾಕಿದ ಕಾಫಿ ಅಂಗಡಿಗಳು ಹಿಂದೆ ಸರಿದವು. ಹೆಂಡತಿ ಗಿಳಿಹಸಿರು ಸೀರೆಯುಟ್ಟು ಕಿಟಕಿಯ ಪಕ್ಕ ಕುಳಿತು, ಗುಡ್ಡದ ಮೇಲಿನ ದೀಪಸ್ತಂಭವನ್ನೇ ನೋಡುತ್ತಿದ್ದರು.

ನಾಲ್ಕನೆಯ ನಿಲ್ದಾಣ ಮಾರುಕಟ್ಟೆಯದು. ಜನ ನುಗ್ಗಿದರು. ಮುಂದಿನ ಬಾಗಿಲಲ್ಲಿ ನೂಕಾಟ, ನಡುವೆ ಖಾಲಿ! ಇಂಥ ಅನ್ಯಾಯವನ್ನು ರೈಟಪ್ಪನವರು ನೋಡಿಕೊಂಡು ಸುಮ್ಮನಿರುವುದುಂಟೆ?

"ಒಳಗೆ ನಡೀರಿ! ನಡೀರಿ ಒಳಗೆ! ಮಧ್ಯ ಜಾಗ ಇದೆ ನೋಡಿ! ಯಜಮಾನ್ರೇ, ಚೀಲ ಕೆಳಗಿಡಿ!"

ಕನ್ನಡದ ಒಂದಕ್ಷರ ತಿಳಿಯದ ಜನ! ಆದರೂ ಅಷ್ಟೂ ಮಂದಿ ಒಳಗೆ ನಡೆದರು, ಯಜಮಾನರು ಚೀಲ ಕೆಳಗಿಟ್ಟರು. ಆ ಧ್ವನಿಯ ಮಹಿಮೆ ಅಂಥದು! ಇತ್ತ ಅವರು ದಿಗ್ವಿಜಯದಲ್ಲಿ ಮುಳುಗಿದ್ದಾಗ, ಅವರ ಬೆನ್ನ ಹಿಂದೆಯೇ, ಎರಡು ದಪ್ಪ ಗಂಟು ಹೊತ್ತ ಮುದುಕಿಯೊಬ್ಬಳು ಇಳಿಯಲಾರದೆ ತಡವರಿಸುತ್ತಿದ್ದಳು. ಹೆಂಡತಿ ಎದ್ದು ಬಂದು, ಒಂದು ಗಂಟನ್ನು ತಾವೆತ್ತಿಕೊಂಡು, ಅವಳ ಕೈಹಿಡಿದು ಕೆಳಗಿಳಿಸಿದರು.

ರೈಟಪ್ಪನವರು ತಿರುಗಿ ನೋಡಿದರು. ಹತ್ತುವವರೆಲ್ಲ ಹತ್ತಿದ್ದಾರೆ. ಬಾಗಿಲು ತೆರವಾಗಿದೆ. ಜನ ಅಡ್ಡವಾಗಿ ಕನ್ನಡಿಯಲ್ಲಿ ಹಿಂದಿನದು ಕಾಣದೆ ಡ್ರೈವರಮ್ಮ ಕತ್ತು ಉದ್ದ ಮಾಡುತ್ತಿದ್ದಾಳೆ. ಮೂವತ್ತನಾಲ್ಕು ವರ್ಷದ ಅಂಗೈ ತಾನಾಗಿಯೇ ಮೇಲೆದ್ದಿತು. ಧಪ್! ಧಪ್!

"ರೈಟ್!"

ಬಾಗಿಲು ಮುಚ್ಚಿತು. ಬಸ್ಸು ಹೊರಟಿತು!

ಆಹಾ! ಕಾಣದ ಊರಿನ ಕಾಣದ ಬಸ್ಸು ತಮ್ಮ ಅಂಗೈಯ ಮಾತು ಕೇಳಿತು! ಈ ಮಹತ್ಸಾಧನೆಯನ್ನು ಹೆಂಡತಿ ನೋಡಿದಳೋ ಇಲ್ಲವೋ ಎಂದು ಅವರು "ನೋಡಿದ್ಯಾ?" ಎನ್ನುತ್ತ ಸೀಟಿನ ಕಡೆ ತಿರುಗಿದರು. ಅಲ್ಲಿ ದಪ್ಪ ಮೀಸೆಯ ಗಂಡಸೊಬ್ಬ ಪತ್ರಿಕೆ ಓದುತ್ತ ಕುಳಿತಿದ್ದ.

ಹಿಂದಿನ ಗಾಜಿನಲ್ಲಿ ನೋಡಿದರು. ರಸ್ತೆಯ ಅಂಚಿನಲ್ಲಿ ಗಿಳಿಹಸಿರು ಸೀರೆ. ಕಂಕುಳಲ್ಲಿ ಯಾರದೋ ಗಂಟು. ಮೊದಲು ಆಳುದ್ದ, ಆಮೇಲೆ ಗೇಣುದ್ದ, ಆಮೇಲೆ ಬೆರಳುದ್ದ.

"ಹೋಲ್ಡಾನ್! ಹೋಲ್ಡಾನ್!" ಧಪ್ ಎಂದು ಒಂದೇ ಸಲ ಬಡಿದರು. ಮತ್ತೆ ಬಡಿದರು. ಹೊರಡೆಂಬುದನ್ನು ಥಟ್ಟನೆ ತಿಳಿದುಕೊಂಡ ಡ್ರೈವರಮ್ಮನಿಗೆ ನಿಲ್ಲೆಂಬುದು ತಿಳಿಯಲೇ ಇಲ್ಲ. ಯಾವನಿಗೋ ತಲೆ ಕೆಟ್ಟಿದೆಯೆಂದುಕೊಂಡು ವೇಗ ಹೆಚ್ಚಿಸಿದಳು. ಮೀಸೆಯವನು ಕನಿಕರದಿಂದ ಕೈಚಾಚಿ ಕೆಂಪು ಗುಂಡಿಯೊಂದನ್ನು ಒತ್ತಿದ. ಆ ಊರಿನಲ್ಲಿ ಬಸ್ಸು ನಿಲ್ಲಿಸಲು ಅಷ್ಟು ಸಾಕಂತೆ! ಆದರೆ ಅಷ್ಟರಲ್ಲಿ ಬಸ್ಸು ಗುಡ್ಡದ ಸುರಂಗವನ್ನು ಹೊಕ್ಕು, ಇನ್ನೊಂದು ಮಗ್ಗುಲಲ್ಲಿ ಹೊರಬಂದೇ ನಿಂತಿತು.

ರೈಟಪ್ಪನವರು ಇಳಿದು, ರಸ್ತೆ ದಾಟಿ, ಹಿಂದಕ್ಕೆ ಹೋಗುವ ಬಸ್ಸಿಗಾಗಿ ಕಾದರು. ಹತ್ತು ನಿಮಿಷ. ಇಪ್ಪತ್ತು. ನಲವತ್ತು! "ಬಸ್ ಯಾವಾಗ ಬರತ್ತಪ್ಪಾ?" ಎಂದು ಕೇಳಿದ ಎಷ್ಟು ಜನಕ್ಕೆ ಅವರು "ಬಂದಾಗ ಬರತ್ತೆ" ಎಂದು ಉತ್ತರಿಸಿರಲಿಲ್ಲ! ಆ ಮುಖಗಳೆಲ್ಲ ಒಂದೊಂದಾಗಿ ಕಣ್ಣ ಮುಂದೆ ಬಂದವು. ಜೇಬಿನಲ್ಲಿ ಎರಡೂ ಕಾರ್ಡುಗಳು ಕೆಂಡದಂತೆ ಸುಡುತ್ತಿದ್ದವು. ಕಾರ್ಡಿಲ್ಲದೆ ಅವಳನ್ನು ಹಡಗಿಗೆ ಹತ್ತಿಸಿಕೊಳ್ಳುವವರು ಯಾರು? ಫೋನು ಕೋಣೆಯಲ್ಲಿ ಬಿಟ್ಟು ಬಂದಿದ್ದಾಳೆ; ತಮ್ಮದು ಈ ದೇಶದಲ್ಲಿ ಕೆಲಸ ಮಾಡದು. ಭಾಷೆ ಗೊತ್ತಿಲ್ಲ. ಒಬ್ಬಳೇ ಬೇರೆ. ಎಲ್ಲರನ್ನೂ ಊರು ಮುಟ್ಟಿಸಿದವರು ಕೊನೆಗೆ ಬಿಟ್ಟುಬಂದದ್ದು ಯಾರನ್ನು!

ಮರಳುವ ಬಸ್ಸು ಬೇರೆ ಬೀದಿ ಹಿಡಿದು ಅವರನ್ನು ಎಲ್ಲೋ ಇಳಿಸಿತು. ದಾರಿ ಕೇಳಲು ಬಿಗುಮಾನ. ಸುತ್ತಿ ಸುತ್ತಿ, ಮಾರುಕಟ್ಟೆಯ ನಿಲ್ದಾಣ ಸೇರಿದಾಗ ಒಂದು ಗಂಟೆ. ಬೆಂಚು ಖಾಲಿ.

ಬೆಂಚಿನ ಕೆಳಗೂ ಬಗ್ಗಿ ನೋಡಿದರು. ಎದುರಿನ ಕ್ಷೌರದಂಗಡಿಯವನು ಬಾಚಣಿಗೆ ಹಿಡಿದೇ ಹೊರಬಂದ. ರೈಟಪ್ಪನವರು ಬಿಗುಮಾನವನ್ನೆಲ್ಲ ನುಂಗಿಕೊಂಡು, ತಮ್ಮ ಹೆಗಲ ಮೇಲೆ ಇಲ್ಲದ ಸೆರಗನ್ನು ಎಳೆದುಕೊಂಡು ತೋರಿಸಿದರು. ನಡುಬೀದಿಯಲ್ಲಿ! ಕ್ಷೌರಿಕನ ಮುಖ ಬೆಳಗಿತು. ತಾನೂ ಒಂದು ಸೆರಗು ಹೊದ್ದುಕೊಂಡ. ಹೆಬ್ಬೆರಳೆತ್ತಿದ. ಪಕ್ಕದ ಓಣಿಯತ್ತ ಬಾಚಣಿಗೆ ಚಾಚಿದ.

ಓಣಿಯ ಕೊನೆಗೆ ಒಂದು ಹೊಲಿಗೆ ಅಂಗಡಿ. ಒಳಗೆ ಅದೇ ಗಂಟಿನ ಮುದುಕಿ! ಅಂಗಡಿ ಅವಳದೇ, ಗಂಟಿನಲ್ಲಿದ್ದದ್ದು ಬಟ್ಟೆ. ರೈಟಪ್ಪನವರು ಮತ್ತೆ ಸೆರಗು ಹೊದ್ದದ್ದೇ ತಡ, ಮುದುಕಿ ಅವರ ಎರಡೂ ಕೈಹಿಡಿದು ಕುಲುಕಿ, ಇಡೀ ಕಥೆಯನ್ನು ಅಭಿನಯಿಸಿ ತೋರಿಸಿದಳು. ಯಂತ್ರ ಹೊಲಿಗೆ ಬಿಡುತ್ತಿತ್ತು. ಬಟ್ಟೆ ಬೇಕಾದ ಹುಡುಗಿ ಬಂದು ಕಾಯುತ್ತ ಅಳುತ್ತಿದ್ದಳು. ಹಸಿರು ಸೀರೆಯವಳು ಗಂಟು ಇಳಿಸಿ ಹೊರಟವಳು ಯಂತ್ರದ ಸದ್ದು ಕೇಳಿ ನಿಂತಳು. ಸೂಜಿ ಬಿಚ್ಚಿದಳು, ಬೇರೆ ಹಾಕಿದಳು, ಒಂದು ತಿರುಪು ತಿರುಗಿಸಿದಳು, ಕುಳಿತಳು. ಟರ್ರ್‌ರ್‌ರ್! ಮುಗಿಯಿತು!

ಮುದುಕಿ ಆ ಬಟ್ಟೆಯ ಅಂಚಿನಿಂದ ಉಳಿದ ತುಂಡೊಂದನ್ನು ತಂದು ಬೆಳಕಿಗೆ ಹಿಡಿದಳು. ಸಾಸಿವೆಯಷ್ಟು ಸಣ್ಣ ಹೊಲಿಗೆ, ಗೆರೆ ಎಳೆದಷ್ಟು ನೇರ. ರೈಟಪ್ಪನವರು ಕನ್ನಡಕ ಸರಿಪಡಿಸಿಕೊಂಡು ನೋಡಿದರು. ಮೂವತ್ತು ವರ್ಷ ಒಂದೇ ಮನೆಯಲ್ಲಿದ್ದೂ ಈ ಹೊಲಿಗೆಯನ್ನು ಅವರು ಬೆಳಕಿಗೆ ಹಿಡಿದು ನೋಡಿದ್ದು ಇದೇ ಮೊದಲು. ಅವರ ಖಾಕಿ ಅಂಗಿಯ ಜೇಬು ದಿನಾ ಸೇರು ಸೇರು ನಾಣ್ಯ ಹೊತ್ತು ಒಂದು ದಿನವೂ ಹರಿದಿರಲಿಲ್ಲ. ಅದು ಒಳ್ಳೆಯ ಖಾಕಿಯ ಗುಣವೆಂದೇ ಅವರು ಇಷ್ಟು ಕಾಲ ನಂಬಿದ್ದರು!

ಮುದುಕಿ ಗಡಿಯಾರ ತೋರಿಸಿದಳು, ಗುಡ್ಡ ತೋರಿಸಿದಳು. ಹುಡುಗಿಯೇ ಆಕೆಯನ್ನು ಅತ್ತ ಕರೆದುಕೊಂಡು ಹೋಗಿದ್ದಳು. ರೈಟಪ್ಪನವರು ಹೊರಡುವಾಗ, ಹೆಂಡತಿ ಅಲ್ಲೇ ಮರೆತುಹೋಗಿದ್ದ ಅಳತೆಯ ಟೇಪನ್ನು ಮುದುಕಿ ತಂದು ಇವರ ಕೊರಳಿಗೆ ಹಾಕಿದಳು. ಕಳೆದುಕೊಂಡದ್ದು ಹೆಂಡತಿಯನ್ನು, ಸಿಕ್ಕಿದ್ದು ಟೇಪು! ಅದನ್ನು ಹಾರದಂತೆ ಧರಿಸಿಕೊಂಡೇ ರೈಟಪ್ಪನವರು ಗುಡ್ಡದತ್ತ ನಡೆದರು. ಹತ್ತಿರದ ದಾರಿಯೆಂದು ತಾವೇ ಹುಡುಕಿದ ಮೂರು ಓಣಿಗಳು ಕ್ರಮವಾಗಿ ಒಂದು ಗೋದಾಮಿಗೂ, ಒಂದು ಶಾಲೆಯ ಹಿಂಗೋಡೆಗೂ, ಮತ್ತೆ ಅದೇ ಕ್ಷೌರದಂಗಡಿಗೂ ಮುಟ್ಟಿಸಿದವು. ಕ್ಷೌರಿಕ ಈ ಸಲ ಹೆಬ್ಬೆರಳೆತ್ತಲಿಲ್ಲ. ಕೈಹಿಡಿದು ಸರಿಯಾದ ರಸ್ತೆಗೆ ಬಿಟ್ಟು ಬಂದ.

ದೀಪಸ್ತಂಭದ ಬಾಗಿಲಲ್ಲಿ ಕುಳಿತಿದ್ದವನಿಗೆ ಅಭಿನಯವೇ ಬೇಕಾಗಲಿಲ್ಲ. ಸೀರೆಯವಳ ಊರಿನದೇ ಮುಖ ನೋಡಿದ, ನಕ್ಕ. ಬೆರಳುಗಳಿಂದ ಗಾಳಿಯಲ್ಲಿ ಮೆಟ್ಟಿಲು ಹತ್ತಿಸಿದ. ಎಲ್ಲೂ ನಿಲ್ಲಲಿಲ್ಲ ಆಕೆ, ಸರಸರನೆ ಹೋದಳು ಎಂದು ಕಣ್ಣರಳಿಸಿದ. ಬಂದ ದಾರಿಯತ್ತಲೂ ಕೈಬೀಸಿದ, ಆದರೆ ಅದನ್ನು ನೋಡಲು ರೈಟಪ್ಪನವರು ಅಲ್ಲಿರಲಿಲ್ಲ. ಅವರು ಆಗಲೇ ಹತ್ತತೊಡಗಿದ್ದರು.

ಇನ್ನೂರ ಹನ್ನೆರಡು ಮೆಟ್ಟಿಲು! ಐವತ್ತಕ್ಕೆ ಏದುಸಿರು, ನೂರಕ್ಕೆ ಎದೆಬಡಿತ, ನೂರೈವತ್ತಕ್ಕೆ ಕುಳಿತೇಬಿಟ್ಟರು. ದಿನವಿಡೀ ನಿಂತು ದುಡಿದವನೆಂಬ ಜಂಬ ಅಲ್ಲಿಯೇ ಇಳಿಯಿತು. ದಿನವಿಡೀ ಕುಳಿತು ತುಳಿದವಳ ಕಾಲು ಎಂಥದೆಂದು ಅರಿವಾಯಿತು. ಮೇಲೆ ಮುಟ್ಟಿದಾಗ ಗಂಟೆ ನಾಲ್ಕು. ಅಲ್ಲಿ ಯಾರೂ ಇರಲಿಲ್ಲ.

ಕಟಕಟೆ ಹಿಡಿದು ಕೆಳಗೆ ನೋಡಿದರು. ನೀಲಿ ನೀರಿನ ಅಂಚಿನಲ್ಲಿ, ಈ ತುದಿಯಿಂದ ಆ ತುದಿಯವರೆಗೆ ಇಡಿಯಾಗಿ, ಬೆಳ್ಳಗೆ ಹೊಳೆಯುತ್ತ ನಿಂತಿತ್ತು ಹಡಗು. ಒಂದು ಊರನ್ನೇ ಎತ್ತಿ ನೀರಿಗಿಟ್ಟ ಹಾಗೆ. ಎಷ್ಟು ಚೆಂದ! ಅವಳು ಕೇಳಿದ್ದರಲ್ಲಿ ತಪ್ಪೇನಿತ್ತು? ತೋರಿಸುತ್ತೇನೆ ಎಂದವನು ತೋರಿಸಲಿಲ್ಲ. ಅವಳೇ ಬಂದು ನೋಡಿಹೋದಳು.

ಆಗ ಅವರಿಗೆ ಕಂಡಿತು. ಹಡಗಿನ ಪಕ್ಕ, ಹತ್ತುವ ಸೇತುವೆಯ ಬುಡದಲ್ಲಿ, ಸೂಜಿಯ ತುದಿಯಷ್ಟು ಒಂದು ಚುಕ್ಕೆ. ಗಿಳಿಹಸಿರು! "ಅಲ್ಲಿದಾಳೆ! ಅಲ್ಲಿದಾಳೆ!" ಎಂದು ಅವರು ಸಮುದ್ರಕ್ಕೆ ಕೂಗಿ ಹೇಳಿದರು. ಕಣ್ಣು ತೇವವಾಯಿತು. ಮರುಕ್ಷಣ ಗಡಿಯಾರ ನೋಡಿದರು.

ಉರುಳುವುದೊಂದು ಬಾಕಿ, ಹಾಗೆ ಇಳಿದು ನಿಲ್ದಾಣಕ್ಕೆ ಓಡಿದರು. ಬಂತು ಬಸ್ಸು. ಅದೇ ನೀಲಿ ಬಸ್ಸು, ಅದೇ ಡ್ರೈವರಮ್ಮ! ಆಕೆ ಇವರನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ತನ್ನ ಬೆನ್ನ ಹಿಂದಿನ ಸೀಟನ್ನು ತೋರಿಸಿದಳು. ಎರಡೂ ಕೈಗಳನ್ನು ಮಡಿಲಲ್ಲಿ ಜೋಡಿಸಿಟ್ಟು, ಹೀಗೆ ಕುಳಿತಿರಬೇಕು ಎಂದು ಸನ್ನೆ ಮಾಡಿದಳು. ರೈಟಪ್ಪನವರು ಹಾಗೆಯೇ ಕುಳಿತರು. ಪ್ರತಿ ನಿಲ್ದಾಣದಲ್ಲೂ ಅಂಗೈ ಕಡಿಯುತ್ತಿತ್ತು. ಅದನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಂಡರು. ಕನ್ನಡಿಯಲ್ಲಿ ಎರಡು ಕಣ್ಣುಗಳು ಅವರನ್ನೇ ಕಾಯುತ್ತಿದ್ದವು.

ಐದಕ್ಕೆ ಮೂರು ನಿಮಿಷ. ಕೊರಳ ಟೇಪು ಹಿಂದಕ್ಕೆ ಹಾರಾಡುತ್ತಿರಲು, ಕೈಯಲ್ಲಿ ಎರಡು ಕಾರ್ಡು ಹಿಡಿದು ಅವರು ಬಂದರಿನಲ್ಲಿ ಓಡಿದರು. ಸೇತುವೆ ಎಳೆದುಕೊಳ್ಳಲು ಆಳುಗಳು ಸಿದ್ಧವಾಗಿ ನಿಂತಿದ್ದರು. ಆದರೆ ಬಾಗಿಲಿಗೆ ಅಡ್ಡವಾಗಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಒಂದು ಕೈ ಮೇಲೆತ್ತಿ ನಿಂತಿದ್ದವರು ಯಾರು?

"ಹೋಲ್ಡಾನ್! ಹೋಲ್ಡಾನ್! ಇನ್ನೊಬ್ರು ಬರೋದಿದೆ!"

ಆರಡಿಯ ಕಾವಲುಗಾರ ಆಕೆಯ ಪಕ್ಕದಲ್ಲಿ ವಿಧೇಯನಾಗಿ ನಿಂತು, ಆಳುಗಳನ್ನು ತಡೆದಿದ್ದ. ಕೋಟಿನ ನಡುಗುಂಡಿ ಭದ್ರವಾಗಿತ್ತು.

ರೈಟಪ್ಪನವರು ಒಳಗೆ ಬಿದ್ದು, ಗೋಡೆಗೆ ಒರಗಿ, ಕಾರ್ಡು ಚಾಚಿದರು. "ಕಾರ್ಡಿಲ್ದೆ... ಹೇಗೆ ಹತ್ತಿದ್ಯೇ?"

"ಗುಂಡಿ ತೋರಿಸ್ದೆ," ಎಂದರು ಹೆಂಡತಿ. "ನಕ್ಕ. ಮಗಳನ್ನ ಕರೆಸ್ದ. ಬಿಟ್ಟ. ಆ ಡ್ರೈವರಮ್ಮನೇ ಗೇಟ್ ತನಕ ತಂದು ಇಳಿಸಿದ್ಳು ಪಾಪ."

"ಮೂರು ಗಂಟೆಯಿಂದ ಸೇತುವೆ ಕೆಳಗೇ ನಿಂತಿದ್ಳಪ್ಪಾ ಅಮ್ಮ. ನೀರು ಕುಡಿ ಬಾ ಅಂದ್ರೂ ಕದಲಿಲ್ಲ," ಎಂದಳು ಮಗಳು, ಅಪ್ಪನ ನಾಡಿ ಹಿಡಿದುಕೊಂಡು. "ನಾಲ್ಕಕ್ಕೆ ಕರ್ಕೊಂಡ್ಬಂದು ನಿಲ್ಲಿಸ್ತೀನಿ ಅಂದವರು ಯಾರೋ! ನಾನು ಗಡಿಯಾರ ನೋಡ್ತಾನೇ ಇದೀನಿ."

ರೈಟಪ್ಪನವರು ಕೊನೆಯ ಅಸ್ತ್ರ ತೆಗೆದರು. "ಅಲ್ವೇ, ರೂಲ್ ಹೇಳಿದ್ನಲ್ಲ? ತಪ್ಪಿಸ್ಕೊಂಡವರು ಸ್ಟಾಪಲ್ಲೇ ನಿಂತಿರ್ಬೇಕು ಅಂತ?"

"ಹೌದು. ತಪ್ಪಿಸ್ಕೊಂಡವರು ನೀವು! ನಾನು ಎಲ್ಲಿದೀನಿ ಅಂತ ನನಗೆ ಚೆನ್ನಾಗಿ ಗೊತ್ತಿತ್ತಲ್ಲ." ಆಕೆ ಅವರ ಕೊರಳಿನಿಂದ ಟೇಪನ್ನು ತೆಗೆದು ಸುತ್ತಿಡುತ್ತ ಕೇಳಿದರು, "ಮೇಲೆ ಹತ್ತಿದ್ರಾ? ಹಡಗು ನೋಡಿದ್ರಾ?"

"ನೋಡ್ದೆ."

"ಹೇಗಿತ್ತು?"

"ಅಗಾಧ ಕಣೇ. ಆದ್ರೆ ನನ್ನ ಕಣ್ಣಿಗೆ ನಿಂತಿದ್ದು ಅದರ ಪಕ್ಕದ ಒಂದು ಹಸಿರು ಚುಕ್ಕೆ."

ಹೆಂಡತಿ ಟೇಪನ್ನು ಚೀಲಕ್ಕಿಳಿಸಿ, ಹೊರಗೆ ಇಣುಕಿ ಬಂದರಿನ ಆಚೆ ತುದಿಯಿಂದ ಈಚೆ ತುದಿಯವರೆಗೆ ಕಣ್ಣಾಡಿಸಿದರು.

"ಮನೆಗೆ ಹೋದ ಮೇಲೆ ಆ ಗಾಜಿನ ಪತ್ರದಲ್ಲಿ ಹೆಸರು ಬದಲಾಯಿಸ್ಬೇಕು ಕಣ್ರೀ. ಒಬ್ಬ ಪ್ಯಾಸೆಂಜರ್‌ನೂ ಬಿಟ್ಟು ಹೋಗದವಳು ನಾನೊಬ್ಬಳೇ!"

ಎಂದವರೇ ಹಡಗಿನ ಕಬ್ಬಿಣದ ಮೈಗೆ ಅಂಗೈಯಿಂದ ಎರಡು ಸಲ ಬಡಿದರು. ಧಪ್! ಧಪ್!

"ರೈಟ್!"

ಭೋಂ ಎಂದು ಕೊಂಬು ಊದಿ, ಹನ್ನೆರಡು ಅಂತಸ್ತಿನ ಹಡಗು ಹೊರಟೇಬಿಟ್ಟಿತು.